ಶಾಪಕ್ಕೆ ಸೇರಿಸಿದ ಸಾಲುಗಳು

ಮಂತ್ರಕ್ಕೆ ಇನ್ನೊಂದು ಮಾತು ಸೇರಿಸಿದರೆ ಅದರ ಬಲ ಹೆಚ್ಚುತ್ತದೋ, ಕಡಿಮೆಯಾಗುತ್ತದೋ?

ಮಾಯಾಲೋಕದ ಕಾದಂಬರಿ ಓದುವವರು ಥಟ್ಟಂತ ಹೇಳುತ್ತಾರೆ: ಮಾತಿನ ಮೇಲೆ ಹುಷಾರಾಗಿರಬೇಕು ಅಂತ. ಕ್ರಿಸ್ಟೋಫರ್ ಪಾವೊಲಿನಿಯ 'ಎರಗಾನ್' ಕಾದಂಬರಿಯ ನಾಯಕ ಒಂದು ಮಗುವಿಗೆ 'ಕೆಡುಕಿನಿಂದ ನಿನಗೆ ರಕ್ಷಣೆ ಸಿಗಲಿ' ಎಂದು ಹರಸಲು ಹೋಗುತ್ತಾನೆ. ಪದದ ರೂಪ ಚೂರು ತಪ್ಪಿ, ಹರಕೆ 'ಕೆಡುಕಿಗೆ ನೀನೇ ಅಡ್ಡ ನಿಲ್ಲು' ಅಂತಾಗಿಬಿಡುತ್ತದೆ. ಮುಂದಿನ ಪುಸ್ತಕದಲ್ಲಿ ನೋಡಿದರೆ ಆ ಮಗು ಸುತ್ತಲಿದ್ದವರ ನೋವನ್ನೆಲ್ಲ ಮೈಮೇಲೆ ಎಳೆದುಕೊಂಡು ಬೆಳೆದಿರುತ್ತದೆ. ಈ ಕಲ್ಪನೆ ಹೊಸದೇನಲ್ಲ. ನಮ್ಮ ವೃತ್ರನ ಕಥೆಯೂ ಇದೇ. 'ಇಂದ್ರಶತ್ರು' ಎಂಬ ಪದದ ಸ್ವರ ತಪ್ಪಿದ್ದಕ್ಕೆ, ಇಂದ್ರನನ್ನು ಕೊಲ್ಲಬೇಕಾದವನು ಇಂದ್ರನ ಕೈಯಲ್ಲೇ ಸತ್ತ.

ಮಾತು ಸೇರಿಸುತ್ತಾ ಹೋದವರಲ್ಲಿ ಹಿರಣ್ಯಕಶಿಪುವನ್ನು ಮೀರಿಸುವವರಿಲ್ಲ. 1983ರ 'ಭಕ್ತ ಪ್ರಹ್ಲಾದ' ಚಿತ್ರದಲ್ಲಿ ರಾಜಕುಮಾರ್ ಅವರನ್ನು ನೋಡಿದವರಿಗೆ ಆ ವರದ ಪಟ್ಟಿ ಬಾಯಿಪಾಠ. ಒಳಗೆ ಬೇಡ, ಹೊರಗೆ ಬೇಡ. ಹಗಲು ಬೇಡ, ರಾತ್ರಿ ಬೇಡ. ಮನುಷ್ಯನಿಂದ ಬೇಡ, ಮೃಗದಿಂದ ಬೇಡ. ಪ್ರೋಗ್ರಾಂ ಬರೆದು ಹೊಟ್ಟೆ ಹೊರೆಯುವ ನಮ್ಮಂಥವರಿಗೆ ಇದು ಕೋಡ್ ತರಹವೇ ಕಾಣುತ್ತೆ. ಒಂದೊಂದು ಕಂಡೀಷನ್ ಹಾಕಿದಾಗಲೂ ಎರಡರ ನಡುವೆ ಒಂದು ಸಂದು ಉಳಿಯುತ್ತದೆ: ಹೊಸ್ತಿಲು, ಮುಸ್ಸಂಜೆ, ನರಸಿಂಹ. ಕಥೆಯೊಳಗೆ ಮಾತು ಹೇಳಿದಂತೆಯೇ ನಡೆಯುತ್ತದೆ. ಹಾಗಾಗಿ ಸೇರಿಸಿದ ಪ್ರತಿ ಮಾತೂ ಒಂದು ತೂತು.

ಆದರೆ ಕನ್ನಡದಲ್ಲಿ ಇನ್ನೊಂದು ಜಾತಿಯ ಮಂತ್ರಗಳಿವೆ. ಅವು ನಿಜವಾದ ಲೋಕದಲ್ಲಿ, ನಿಜವಾದ ಕಳ್ಳರ ಮೇಲೆ ಕೆಲಸ ಮಾಡಲಿ ಅಂತ ಕಲ್ಲಿನಲ್ಲಿ ಕೊರೆಸಿದವು. ಶಾಸನಗಳ ಕೊನೆಯ ಶಾಪಗಳ ಬಗ್ಗೆ ಹೇಳುತ್ತಿದ್ದೇನೆ.

ನಾನಿರುವುದು ಬೇಗೂರಿನಲ್ಲಿ. ಇಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿರುವ, ಸುಮಾರು 890ರ ಗಂಗರ ಕಾಲದ ಶಾಸನದಲ್ಲಿ 'ಬೆಂಗಳೂರು ಕಾಳೆಗ'ದ ಪ್ರಸ್ತಾಪ ಇದೆ. ಊರಿನ ಹೆಸರು ಬೆಂದಕಾಳೂರಿನಿಂದ ಬಂತು ಎಂಬ ಕಥೆಗೆ ಈ ಕಲ್ಲೇ ಉತ್ತರ. ಹಾಗಾಗಿ ಎಲ್ಲರೂ ಬಂದು ಆ ಒಂದು ಪದದ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಶಾಸನಗಳನ್ನು ನಾವು ಓದುವುದೇ ಹೀಗೆ. ರಾಜ ಯಾರು, ವರ್ಷ ಎಷ್ಟು, ಊರು ಯಾವುದು, ಅಷ್ಟು ಸಿಕ್ಕರೆ ಮುಗಿಯಿತು. ದಾನಶಾಸನಗಳ ಕೊನೆಯ ಭಾಗವನ್ನಂತೂ ವಿದ್ವಾಂಸರೂ ಹಾರಿಸುತ್ತಾರೆ. ಬಿ. ಎಲ್. ರೈಸ್ 'ಎಪಿಗ್ರಾಫಿಯ ಕರ್ನಾಟಿಕ'ದ ಇಂಗ್ಲಿಷ್ ಅನುವಾದದಲ್ಲಿ ಎಷ್ಟೋ ಕಡೆ ಈ ಭಾಗಕ್ಕೆ ಬಂದಾಗ 'ಎಂದಿನ ಶಾಪದ ಶ್ಲೋಕ' ಎಂಬರ್ಥದ ಒಂದು ಮಾತು ಬರೆದು ಮುಂದೆ ಹೋಗಿದ್ದಾರೆ. ಇತಿಹಾಸ ಹುಡುಕುವವರಿಗೆ ಅದು ಸರಿಯೇ. ಸಾಹಿತ್ಯ ಓದುವವರೂ ಹಾಗೇ ಮಾಡಿದರೆ ನಷ್ಟ. ಎಲ್ಲ ಕಡೆ ಒಂದೇ ಟೆಂಪ್ಲೇಟ್ ಇದ್ದಾಗಲೇ ಅಲ್ವಾ, ಎಲ್ಲಿ ಬದಲಾಗಿದೆ ಅಂತ ನೋಡಬೇಕಾದದ್ದು?

ಅಕ್ಕಪಕ್ಕ ಇಟ್ಟು ನೋಡೋಣ. ಸುಮಾರು 450ರ ಹಲ್ಮಿಡಿ ಶಾಸನದಲ್ಲಿರುವುದು ಒಟ್ಟು ಹದಿನಾರು ಸಾಲು. ದಾನವನ್ನು ಕೆಡಿಸಿದವನಿಗೆ ಮಹಾಪಾತಕ ಅನ್ನುತ್ತದೆ, ಅಷ್ಟೇ. ಬಾದಾಮಿಯ ಮೂರನೇ ಗುಹೆಯ ಬಳಿ ಮಂಗಲೇಶನ ಕನ್ನಡ ಶಾಸನವಿದೆ, ಆರನೇ ಶತಮಾನದ ಕೊನೆಯದು. ಅಲ್ಲಿ ಮಹಾಪಾತಕ ಹೋಗಿ ಪಂಚಮಹಾಪಾತಕ ಬಂದಿದೆ. ಜೊತೆಗೆ, ಕೆಡಿಸಿದವನು ಏಳನೆಯ ನರಕದ ಹುಳುವಾಗುತ್ತಾನೆ ಅಂತಲೂ ಸೇರಿದೆ. 'ಪಾಪ' ಕಣ್ಣಿಗೆ ಕಾಣದ ಪದ. ಹುಳು ಹಾಗಲ್ಲ, ಕಾಣುತ್ತದೆ, ಮೈಮೇಲೆ ಹರಿದಂತಾಗುತ್ತದೆ. ಕಲ್ಯಾಣ ಚಾಲುಕ್ಯರ, ಹೊಯ್ಸಳರ ಕಾಲಕ್ಕೆ ಬಂದರೆ ಶಾಪ ಒಂದು ದೃಶ್ಯವೇ ಆಗಿಬಿಟ್ಟಿದೆ. ವಾರಣಾಸಿಯಲ್ಲಿ, ಕುರುಕ್ಷೇತ್ರದಲ್ಲಿ, ಸಾವಿರ ಕಪಿಲೆ ಹಸುಗಳನ್ನು, ವೇದ ಓದಿದ ಬ್ರಾಹ್ಮಣರನ್ನು ಕೊಂದ ಪಾಪ! ಜಾಗ ಇದೆ, ಲೆಕ್ಕ ಇದೆ, ಹಸುವಿನ ಬಣ್ಣವೂ ಇದೆ. ಅದರ ಹಿಂದೆಯೇ ಸಂಸ್ಕೃತ ಶ್ಲೋಕ: ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಅಂತ.

ಕಾಲ ಕಳೆದಂತೆ ಎಲ್ಲ ಶಾಪಗಳೂ ಉದ್ದವಾದವು ಅಂತೇನಲ್ಲ. ಚುಟುಕಾದವು ಆಮೇಲೂ ಇವೆ. ಬರೆಯುವವನ ರೂಢಿ, ಕಲ್ಲಿನಲ್ಲಿ ಉಳಿದ ಜಾಗ, ಇವೂ ಲೆಕ್ಕಕ್ಕೆ ಬರುತ್ತವೆ. ಆದರೆ ಒಂದು ಬೀಗ ಸಾಕಾಗಿದ್ದರೆ ಯಾರೂ ಎರಡನೇ ಬೀಗ ತರುವುದಿಲ್ಲ. ಕಲ್ಲು ತಾನಾಗಿ ಯಾರ ಕೈಯನ್ನೂ ಹಿಡಿಯಲಾರದು. ಓದಿದವನ, ಓದಿಸಿ ಕೇಳಿದವನ ಎದೆಯಲ್ಲಿ ಅಳುಕು ಹುಟ್ಟಿದರೆ ಮಾತ್ರ ಶಾಪಕ್ಕೆ ಬಲ. ಹಿರಣ್ಯಕಶಿಪುವಿನ ವರಕ್ಕೂ ಕಲ್ಲಿನ ಶಾಪಕ್ಕೂ ಇರುವ ವ್ಯತ್ಯಾಸ ಇದು. ಅಲ್ಲಿ ಮಾತು ಸೇರಿಸಿದರೆ ತೂತು. ಇಲ್ಲಿ ಮಾತು ಸೇರಿಸಿದರೆ ಇನ್ನೊಬ್ಬ ಕೇಳುಗ.

ಇದಕ್ಕೆ ಶ್ರವಣಬೆಳಗೊಳದ 1368ರ ಶಾಸನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಿದ್ದಾಗ ಬುಕ್ಕರಾಯ ಮಾಡಿಸಿದ ರಾಜಿ ಅದು. ಕೊನೆಯಲ್ಲಿ ಗಂಗೆಯ ತಡಿಯಲ್ಲಿ ಕಪಿಲೆಯನ್ನೂ ಬ್ರಾಹ್ಮಣನನ್ನೂ ಕೊಂದ ಪಾಪ ಇದ್ದೇ ಇದೆ. ಆದರೆ ಅದಕ್ಕೆ ಮುಂಚೆ, ಈ ಕಟ್ಟಳೆ ಮೀರಿದವನು ರಾಜದ್ರೋಹಿ, ಸಂಘಕ್ಕೆ ದ್ರೋಹಿ, ಸಮುದಾಯಕ್ಕೆ ದ್ರೋಹಿ ಎಂದು ಸೇರಿಸಿದ್ದಾರೆ. ತಪಸ್ವಿಯೇ ಆಗಲಿ, ಊರಿನ ಮುಖ್ಯಸ್ಥನೇ ಆಗಲಿ, ಯಾರಿಗೂ ರಿಯಾಯಿತಿ ಇಲ್ಲ. ಎರಡು ಪಕ್ಷದವರು ಓದುವ ಕಲ್ಲಾದ್ದರಿಂದ ಒಂದೇ ನರಕ ಸಾಲಲಿಲ್ಲ. ಮುಂದಿನ ಜನ್ಮಕ್ಕೆ ಹೆದರದವನು ಈ ಜನ್ಮದಲ್ಲಿ ತನ್ನವರ ಎದುರು ದ್ರೋಹಿ ಅನ್ನಿಸಿಕೊಳ್ಳಲು ಹೆದರಬಹುದು. ಸೇರಿಸಿದ ಆ ಮೂರು ಮಾತು ಶಾಪವನ್ನು ಪರಲೋಕದಿಂದ ಇಹಲೋಕಕ್ಕೆ ಇಳಿಸಿವೆ. ಇಷ್ಟು ಯೋಚಿಸಿ ಬರೆದದ್ದನ್ನು 'ಎಂದಿನ ಶಾಪ' ಅನ್ನುವುದು ಹೇಗೆ?

ಹಳೇ ಕಾಲದ ಮಾತಾಯಿತು ಅಂತೀರಾ? ಬೆಂಗಳೂರಿನ ಯಾವುದಾದರೂ ಉದ್ದನೆಯ ಕಾಂಪೌಂಡ್ ಗೋಡೆ ನೋಡಿ. ಮೊದಲು 'ಇಲ್ಲಿ ಮೂತ್ರ ಮಾಡಬಾರದು'. ಅದು ಮಾಸುವಷ್ಟರಲ್ಲಿ 'ಮಾಡಿದವರಿಗೆ ದಂಡ'. ಅದರ ಪಕ್ಕ, ಬೇರೆ ಬಣ್ಣದಲ್ಲಿ, 'ನೋಡಿ, ಕತ್ತೆ ಮೂತ್ರ ಮಾಡುತ್ತಿದೆ'. ಕೊನೆಗೆ ಟೈಲ್ಸ್: ಗಣೇಶ, ಏಸು, ಮೆಕ್ಕಾ, ಸಾಲಾಗಿ. ಕತ್ತೆಯೂ ಹಳೆಯದೇ. ಕತ್ತೆಯ ಚಿತ್ರ ಕೆತ್ತಿ ಬೈದಿರುವ ಶಾಪದ ಕಲ್ಲುಗಳು ಮಹಾರಾಷ್ಟ್ರ, ಕೊಂಕಣದ ಕಡೆ ಬೇಕಾದಷ್ಟಿವೆ, ನಮ್ಮಲ್ಲೂ ಇವೆ. ಓದು ಬಾರದವನಿಗೂ ತಿಳಿಯಬೇಕಲ್ಲ! ಗೋಡೆಯ ಮಾಲೀಕ ಒಂದೂ ಶಾಸನ ಓದಿಲ್ಲದಿರಬಹುದು. ಆದರೂ ಕಾನೂನು, ಅವಮಾನ, ದೇವರು ಅಂತ ಕೇಳುಗರನ್ನು ಒಬ್ಬೊಬ್ಬರಾಗಿ ಸೇರಿಸಿಕೊಂಡೇ ಹೋಗಿದ್ದಾನೆ.

ಇಷ್ಟೆಲ್ಲ ಮೆಚ್ಚಿದ ಮೇಲೂ ನನ್ನದೊಂದು ತಕರಾರಿದೆ. ಯಾರನ್ನು ಕೊಂದರೆ ಅತಿ ದೊಡ್ಡ ಪಾಪ ಎಂಬುದೇ ಈ ಶಾಪಗಳ ಅಳತೆಗೋಲು. ಹಸು ಬಂತು, ಬ್ರಾಹ್ಮಣ ಬಂದ. ಕೆಲವು ಕಡೆ ಹೆಂಗಸು, ಮಗುವೂ ಬಂದರು. ಕೆರೆ ಏರಿಗೆ ಮಣ್ಣು ಹೊತ್ತವನ, ದಾನ ಕೊಟ್ಟ ಅದೇ ಗದ್ದೆಯನ್ನು ಉತ್ತವನ ಕೊಲೆ ಅಳತೆಯಾಗಿ ಬಂದದ್ದನ್ನು ನಾನು ಓದಿದ ಶಾಪಗಳಲ್ಲಿ ಕಂಡಿಲ್ಲ. ಏಳುನೂರು, ಎಂಟುನೂರು ವರ್ಷ ಮಾತು ಸೇರಿಸುತ್ತಲೇ ಬಂದವರಿಗೆ ಆ ಒಂದು ಮಾತು ಹೊಳೆಯಲಿಲ್ಲ. ಹೊಲ ಕಳೆದುಕೊಂಡವರು ನಮ್ಮ ಹಳ್ಳಿ ಕಡೆ ಮಣ್ಣು ತೂರಿ 'ನಿನ್ನ ಮನೆ ಹಾಳಾಗ' ಅಂತ ಹಿಡಿಶಾಪ ಹಾಕುತ್ತಾರೆ. ಅದರಲ್ಲಿ ವಾರಣಾಸಿ ಇಲ್ಲ, ಸಾವಿರ ಇಲ್ಲ. ಇರುವುದು ಮೂರೇ ಮಾತು, ಒಂದು ಹಿಡಿ ಮಣ್ಣು. ಅದನ್ನು ಯಾರೂ ಕಲ್ಲಿನಲ್ಲಿ ಕೊರೆಸಲಿಲ್ಲ.

ಆದ್ದರಿಂದ ಶಾಸನದ ಪುಸ್ತಕ ಕೈಗೆ ಸಿಕ್ಕರೆ ಬಿರುದಾವಳಿಯನ್ನು ಬೇಕಾದರೆ ಬಿಡಿ, ಕೊನೆಯ ಸಾಲುಗಳನ್ನು ಬಿಡಬೇಡಿ. ಕಲ್ಲು ಯಾರಿಗೆ ಹೆದರಿತ್ತು, ಯಾರ ಜೀವಕ್ಕೆ ಬೆಲೆ ಕಟ್ಟಿತ್ತು ಅಂತ ಗೊತ್ತಾಗುವುದು ಅಲ್ಲೇ.