ಕದಿರ ರೆಮ್ಮವ್ವೆಯ ರಾಟೆ ಮತ್ತು ಉಪಕರಣದ ಒಡೆತನ

ಶರಣರ ವೃತ್ತಿಪರಿಭಾಷೆಯನ್ನು ಕುರಿತು ಕನ್ನಡ ವಿಮರ್ಶೆ ಸಾಕಷ್ಟು ಬರೆದಿದೆ. ಆದರೆ ಆ ಬರವಣಿಗೆ ಬಹುಮಟ್ಟಿಗೆ ರಾಟೆ, ಮಗ್ಗ, ಗಾಣ, ಒನಕೆಗಳನ್ನು ತತ್ತ್ವದ ಸಂಕೇತಗಳೆಂದು ಬಿಡಿಸಿ ಹೇಳಿ ತೃಪ್ತಿಗೊಂಡಿದೆ. ಸಂಕೇತವಾಗುವ ಮೊದಲು ಅದೊಂದು ಉಪಕರಣ. ಅದಕ್ಕೆ ಒಡೆಯನಿರುತ್ತಾನೆ, ನಡೆಸುವ ಕೈಯಿರುತ್ತದೆ. ಇವೆರಡೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ವಿಮರ್ಶಕರು ಇದನ್ನು ಮರೆತರೂ ವಚನಕಾರರು ಮರೆತಿರಲಿಲ್ಲ.

ಕದಿರ ರೆಮ್ಮವ್ವೆಯ ರಾಟೆಯ ವಚನ ಇದಕ್ಕೆ ಉತ್ತಮ ನಿದರ್ಶನ. ನೂಲುವವಳ ಕುಲವನ್ನು ಕೇಳುವುದು ಲೋಕದ ರೂಢಿ; ಅವಳು ಆ ಪ್ರಶ್ನೆಯನ್ನೇ ಎತ್ತಿ ರಾಟೆಯ ಮೇಲಿಡುತ್ತಾಳೆ. ಅದರ ಅಂಗಗಳನ್ನು ಒಂದೊಂದಾಗಿ ಹೆಸರಿಸಿ, ಪ್ರತಿಯೊಂದಕ್ಕೂ ದೈವವನ್ನೊ ತತ್ತ್ವವನ್ನೊ ಹೊಂದಿಸುತ್ತ ಹೋಗುತ್ತಾಳೆ. ಉಪಕರಣವನ್ನು ಒಳಗಿನಿಂದ ಬಲ್ಲವರಿಗಲ್ಲದೆ ಈ ಕ್ರಮ ಸಾಧ್ಯವಾಗದು. ಪ್ರಸನ್ನ ಅವರ ಕೃತಿಯೊಂದರ ಹೆಸರು ‘ಯಂತ್ರಗಳನ್ನು ಕಳಚೋಣ ಬನ್ನಿ’. ರೆಮ್ಮವ್ವೆಯೂ ಒಂದರ್ಥದಲ್ಲಿ ಕಳಚುತ್ತಾಳೆ. ಕಳಚಿದ್ದನ್ನು ಮತ್ತೆ ಜೋಡಿಸಿ ತಿರುಗಿಸುತ್ತಾಳೆ ಎಂಬುದೇ ವ್ಯತ್ಯಾಸ. ವಚನದ ಕೊನೆಯಲ್ಲಿ ಗಂಡನ ಹೊಡೆತದ ಭಯ ಸುಳಿದು ರಾಟೆ ನಿಲ್ಲುತ್ತದೆ. ಇದನ್ನು ಶರಣಸತಿ–ಲಿಂಗಪತಿ ಭಾವದಲ್ಲಿ ಅರ್ಥೈಸುವುದು ಸರಿಯೆ. ಆದರೂ ಆ ಅರ್ಥದ ಅಡಿಯಲ್ಲಿ ದುಡಿಯುವ ಹೆಣ್ಣಿನ ಮನೆಯ ವಾಸ್ತವವಿದೆ: ಕೈ ಅವಳದು, ಅರಿವು ಅವಳದು, ರಾಟೆಯ ಮೇಲಣ ಅಧಿಕಾರ ಮಾತ್ರ ಪೂರ್ಣವಾಗಿ ಅವಳದಲ್ಲ.

ಜೇಡರ ದಾಸಿಮಯ್ಯನ ಮಗ್ಗದ ವಚನದಲ್ಲಿ ನೆಯ್ದವನಾರೆಂಬ ಸಂದೇಹ ರಾಮನಾಥನವರೆಗೂ ಹೋಗುತ್ತದೆ. ಅದು ವಿನಯದ ಮಾತು. ಮಗ್ಗ ತನ್ನದಾದವನಿಗೆ ಮಾತ್ರ ಸಲ್ಲುವ ವಿನಯ.

ಕಾಯಕ–ದಾಸೋಹಗಳನ್ನು ಇಂದಿನ ಸಹಕಾರ ತತ್ತ್ವದೊಡನೆ ಸಲೀಸಾಗಿ ಸಮೀಕರಿಸುವವರು ಇಲ್ಲಿ ಎಡವುತ್ತಾರೆ. ದಾಸೋಹದಲ್ಲಿ ಹಂಚಿಕೆಯಾಗುವುದು ದುಡಿಮೆಯ ಫಲವೇ ಹೊರತು ದುಡಿಮೆಯ ಉಪಕರಣವಲ್ಲ. ಹಂಚುವ ಅಗತ್ಯವೂ ಅಂದು ಇರಲಿಲ್ಲ. ರಾಟೆ ಒಂದು ಮನೆಗೆ ಎಟುಕುವಂಥದು. ಒಂದು ಮನೆಗೆ ಎಟುಕದ ಯಂತ್ರ ಬಂದಮೇಲೆ ಪ್ರಶ್ನೆ ಬದಲಾಯಿತು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ್ದ ದಾವಣಗೆರೆಯ ಹತ್ತಿಗಿರಣಿಗಳಲ್ಲಿ ಮಗ್ಗವನ್ನು ಬಲ್ಲ ಕೈಗಳಿಗೆ ಕೊರತೆಯಿರಲಿಲ್ಲ. ಗಿರಣಿಗಳು ಮುಚ್ಚಿದಾಗ ಆ ಕೈಗಳೊಡನೆ ಮಗ್ಗಗಳು ಮನೆಗೆ ಬರಲಿಲ್ಲ.

ಅದೇ ಜಿಲ್ಲೆಯ ತಾಲೂಕುಗಳಲ್ಲಿ ಈ ಪ್ರಶ್ನೆ ಇನ್ನೂ ಜೀವಂತವಾಗಿದೆ. ಚನ್ನಗಿರಿ ಸೀಮೆಯ ಅಡಿಕೆ ಬೆಳೆಗಾರರು ತುಮ್ಕೋಸ್‌ನಂಥ ಸಹಕಾರ ಸಂಘದ ಮೂಲಕ ಮಾರಾಟವನ್ನು ತಮ್ಮ ಕೈಗೆ ತಂದುಕೊಂಡವರು. ಆದರೆ ಸುಲಿಯುವ ಯಂತ್ರ, ಬೇಯಿಸುವ ಹಂಡೆ, ಒಣಗಿಸುವ ಕಣ ತನ್ನದಲ್ಲದ ಬೆಳೆಗಾರ ಹಸಿ ಅಡಿಕೆಯನ್ನು ಖೇಣಿದಾರನಿಗೆ ಒಪ್ಪಿಸಿ ಸುಮ್ಮನಾಗುತ್ತಾನೆ; ಕಾಯಿ ರಾಶಿಯಾಗುವ ನಡುವಿನ ಬೆಲೆಯೆಲ್ಲ ಉಪಕರಣದ ಒಡೆಯನದು. ಜಗಳೂರಿನ ಮೆಕ್ಕೆಜೋಳ ಕಾಳಾಗಿ ಹೊರಡುತ್ತದೆ. ಹಿಟ್ಟೊ ಪಶು ಆಹಾರವೊ ಆಗುವುದು ಬೇರೆಡೆ. ಹೊನ್ನಾಳಿ, ನ್ಯಾಮತಿಗಳ ಭತ್ತದ ಕಥೆ ಭಿನ್ನವಲ್ಲ. ಅಕ್ಕಿ ಗಿರಣಿ ಹತ್ತಿರದಲ್ಲಿದ್ದ ಮಾತ್ರಕ್ಕೆ ಅದು ಬೆಳೆದವನದಾಗುವುದಿಲ್ಲ. ರಾಜ್ಯ ಸರಕಾರದ ಕೃಷಿ ಯಂತ್ರಧಾರೆ ಯೋಜನೆ ಯಂತ್ರವನ್ನು ಬಾಡಿಗೆಗೆ ಒದಗಿಸಿತು. ಅನುಕೂಲವೇನೋ ಹೌದು, ಆದರೆ ಬಾಡಿಗೆ ಬಾಡಿಗೆಯೇ.

ಹೆಗ್ಗೋಡಿನಲ್ಲಿ ಪ್ರಸನ್ನ ಅವರೇ ಮುಂದೆ ನಿಂತು ಕಟ್ಟಿದ ಚರಕ ಮಹಿಳಾ ಸಹಕಾರ ಸಂಘದ ಪ್ರಯೋಗ ಈ ದಿಕ್ಕಿನಲ್ಲಿ ಹೆಚ್ಚು ದೂರ ಹೋಯಿತು. ಅಲ್ಲಿ ಮಗ್ಗಗಳು ಸಂಘದವು, ಸಂಘ ದುಡಿಯುವ ಹೆಣ್ಣುಮಕ್ಕಳದು. ನೂಲಿಗೆ ಹಾಕುವ ಸಹಜ ಬಣ್ಣಗಳಲ್ಲಿ ಅಡಿಕೆ ಚೊಗರೂ ಒಂದು. ಚನ್ನಗಿರಿಯ ಹಂಡೆಗಳಲ್ಲಿ ಉಳಿಯುವುದೂ ಅದೇ ಚೊಗರು. 2020ರಲ್ಲಿ ಸಾಂಕ್ರಾಮಿಕದ ನಡುವೆ ಈ ಸಂಘವೂ ಹಣಕಾಸಿನ ತೀವ್ರ ಸಂಕಟಕ್ಕೆ ಸಿಲುಕಿತು. ಮಗ್ಗ ತಮ್ಮದಾದರೂ ಕೊಳ್ಳುವವರಿಲ್ಲದಾಗ ನೇಯ್ಗೆ ನಡೆಯದು. ರೆಮ್ಮವ್ವೆಯ ವಚನದಲ್ಲಿ ನೂಲು ಕದಿರಿನ ತುಂಬ ಸುತ್ತಿಕೊಳ್ಳುತ್ತದೆ. ಅದನ್ನು ಯಾರು ಕೊಂಡರೆಂಬ ಪ್ರಸ್ತಾಪವೇ ಅಲ್ಲಿಲ್ಲ. ವ್ಯಾಖ್ಯಾನಕಾರರೂ ಆ ಪ್ರಶ್ನೆಯನ್ನು ಎತ್ತಿದಂತೆ ಕಾಣುವುದಿಲ್ಲ.