ವಕೀಲನ ವಾದದಲ್ಲಿ ಕಾಣೆಯಾದವರು

ಜೆ.ಎಲ್.ಎಂ. ಕರ್ರಿಯ ಬದುಕನ್ನು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಹುಕಾಲ ಒಂದು ಆದರ್ಶ ಕಥೆಯಾಗಿ ಹೇಳಿಕೊಂಡು ಬರಲಾಯಿತು. 1825ರಲ್ಲಿ ಜಾರ್ಜಿಯಾದಲ್ಲಿ ಹುಟ್ಟಿ, ಅಲಬಾಮಾದಲ್ಲಿ ಬೆಳೆದು, ಹಾರ್ವರ್ಡಿನಲ್ಲಿ ಕಾನೂನು ಓದಿದ ವಕೀಲ. ವಾಷಿಂಗ್ಟನ್ನಿನಲ್ಲಿ ಸಂಸತ್ ಸದಸ್ಯ. ಅಂತರ್ಯುದ್ಧದ ಕಾಲದಲ್ಲಿ ಬಂಡೆದ್ದ ದಕ್ಷಿಣ ಒಕ್ಕೂಟದ ಶಾಸಕ. ಸೋಲಿನ ನಂತರ ಸರಕಾರಿ ಶಾಲೆಗಳಿಗಾಗಿ ಅಲೆದಾಡಿದ ಶಿಕ್ಷಣ ಪ್ರೇಮಿ. ಕಥೆ ಬರೆಯುವ ನಮಗೆ ಇಷ್ಟು ಸಲೀಸಾಗಿ ಸಾಗುವ ಕಥೆಗಳ ಮೇಲೆ ಗುಮಾನಿ ಜಾಸ್ತಿ. ಯಾರನ್ನು ಹೊರಗೆ ನಿಲ್ಲಿಸಿದ್ದರಿಂದ ಇದು ಇಷ್ಟು ನಯವಾಯಿತು?

ದಕ್ಷಿಣದ ಸೇನಾ ಇತಿಹಾಸವನ್ನು ಹೇಳುವ ಸಂಪುಟಗಳು 1899ರಲ್ಲಿ ಪ್ರಕಟವಾದವು. ಅದರ ಮೊದಲ ಸಂಪುಟದಲ್ಲಿ ಕರ್ರಿಯ ಒಂದು ಪ್ರಬಂಧವಿದೆ. ರಾಜ್ಯಗಳು ತಾವಾಗಿ ಒಪ್ಪಿ ಕೂಡಿಕೊಂಡವು, ಆದ್ದರಿಂದ ಬಿಟ್ಟು ಹೋಗುವುದೂ ಅವುಗಳ ಕಾನೂನುಬದ್ಧ ಹಕ್ಕು ಎಂಬುದು ಅದರ ತಿರುಳು. ವಾದ ಬಿಗಿಯಾಗಿದೆ, ನಿಜ. ಆದರೆ ಇದು ತೀರ್ಪುಗಾರನ ಬರಹವಲ್ಲ, ಕಕ್ಷಿದಾರನ ಪರವಾದ ವಕಾಲತ್ತು. ಇಲ್ಲಿ ಕಕ್ಷಿದಾರನೂ ವಕೀಲನೂ ಒಬ್ಬನೇ!

ಏಕೆಂದರೆ 1861ರ ಮಾರ್ಚ್ 11ರಂದು ಮಾಂಟ್ಗೊಮರಿಯಲ್ಲಿ ಅಂಗೀಕಾರವಾದ ದಕ್ಷಿಣ ಒಕ್ಕೂಟದ ಸಂವಿಧಾನಕ್ಕೆ ಕರ್ರಿಯ ಸಹಿಯಿದೆ. ಕಪ್ಪು ಗುಲಾಮರ ಮೇಲಿನ ಆಸ್ತಿ ಹಕ್ಕಿಗೆ ಕುಂದು ತರುವ ಯಾವ ಕಾನೂನನ್ನೂ ಒಕ್ಕೂಟ ಮಾಡಕೂಡದೆಂದು ಆ ದಸ್ತಾವೇಜು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಹೊಸದಾಗಿ ಸೇರುವ ಪ್ರದೇಶಗಳಲ್ಲೂ ಗುಲಾಮಗಿರಿಗೆ ರಕ್ಷಣೆ ಕಡ್ಡಾಯ. ಅಲ್ಲಿನ ಜನ ಬೇಡವೆಂದರೂ ಕೇಳುವವರಿಲ್ಲ. ಇನ್ನೂ ಸೋಜಿಗದ ಸಂಗತಿಯೆಂದರೆ, ಯಾವ ಹಕ್ಕಿಗಾಗಿ ಕರ್ರಿ ಮುಪ್ಪಿನಲ್ಲೂ ಲೇಖನಿ ಸವೆಸಿದನೋ ಆ ಬಿಟ್ಟು ಹೋಗುವ ಹಕ್ಕನ್ನು ಆ ಸಂವಿಧಾನ ಎಲ್ಲೂ ಸ್ಪಷ್ಟವಾಗಿ ಬರೆದಿಡಲಿಲ್ಲ. 1862ರ ಏಪ್ರಿಲ್‌ನಲ್ಲಿ ಅದೇ ಒಕ್ಕೂಟದ ಶಾಸನಸಭೆ ಕಡ್ಡಾಯ ಸೈನ್ಯಭರ್ತಿಯ ಕಾಯಿದೆ ತಂದಾಗ, ರಾಜ್ಯದ ಹಕ್ಕಿನ ಹೆಸರಿನಲ್ಲಿ ಅದನ್ನು ಎದುರಿಸಿದವನು ಅವರದೇ ಜಾರ್ಜಿಯಾದ ಗವರ್ನರ್ ಜೋಸೆಫ್ ಬ್ರೌನ್. ಹೊಲದಲ್ಲಿ ದುಡಿದು ಸತ್ತವರು ಕರ್ರಿಯ ವಾದದೊಳಗೆ ಮನುಷ್ಯರಾಗಿ ಬರುವುದೇ ಇಲ್ಲ. ಆತ ಸ್ವತಃ ಗುಲಾಮರ ಒಡೆಯನಾಗಿದ್ದವನು.

ಹಾಗೆಂದು ಶಾಲೆಯ ಕೆಲಸವನ್ನು ತಳ್ಳಿಹಾಕಲು ನಮಗೆ ಮನಸ್ಸಿಲ್ಲ. 1881ರಿಂದ ಪೀಬಾಡಿ ನಿಧಿಯ ಪ್ರತಿನಿಧಿಯಾಗಿ, ನಡುವೆ ಸ್ಪೇನ್‌ನಲ್ಲಿ ರಾಯಭಾರಿಯಾಗಿದ್ದ ವರ್ಷಗಳನ್ನು ಬಿಟ್ಟರೆ, ಆತ ದಕ್ಷಿಣದ ಶಾಸನಸಭೆಗಳ ಮುಂದೆ ನಿಂತು ಶಾಲೆಗೂ ಶಿಕ್ಷಕರ ತರಬೇತಿಗೂ ತೆರಿಗೆಯ ಹಣ ಕೇಳಿದ. ಕಪ್ಪು ಮಕ್ಕಳಿಗೂ ಅಕ್ಷರ ಬೇಕೆಂದ. ಬಿಳಿಯರ ನಡುವೆ ನಿಂತು ಅದನ್ನು ಹೇಳುವುದು ಆಗ ಸಣ್ಣ ಮಾತಲ್ಲ. ಆದರೆ 1899ರಲ್ಲೇ, ಕೇಪನ್ ಸ್ಪ್ರಿಂಗ್ಸ್‌ನ ಶಿಕ್ಷಣ ಸಮ್ಮೇಳನದಲ್ಲಿ, ದಕ್ಷಿಣದ ನಾಯಕತ್ವ ಬಿಳಿಯರದೇ ಎಂದು ಸಾರಿದವನೂ ಆತನೇ. ಪಾಠ ಕೊಡುತ್ತೇವೆ, ಪಾಲು ಕೇಳಬೇಡಿ ಎಂಬ ಧಾಟಿ ಇದು. ಇಂಥ ಉದಾರತೆಯ ರುಚಿ ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. ಆತನನ್ನು ಹೊಗಳುವವರು ಶಾಲೆಯನ್ನು ತೋರಿಸಿ ಸಹಿಯನ್ನು ಮರೆಸುತ್ತಾರೆ. ನಮ್ಮ ತಕರಾರು ಅಷ್ಟೇ.

ಅಮೆರಿಕದ ಸಂಸತ್ ಭವನಕ್ಕೆ ಅಲಬಾಮಾ 1908ರಲ್ಲಿ ಕೊಟ್ಟಿದ್ದು ಕರ್ರಿಯ ಪ್ರತಿಮೆಯನ್ನು. 2009ರಲ್ಲಿ ಅದನ್ನು ತೆಗೆದು ಅದೇ ರಾಜ್ಯದ ಹೆಲೆನ್ ಕೆಲರ್ ಪ್ರತಿಮೆಯನ್ನಿಟ್ಟರು. ವರ್ಜೀನಿಯಾ ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗ 2020ರಲ್ಲಿ ಆತನ ಹೆಸರನ್ನು ಕೈಬಿಟ್ಟಿತು. ಆ 1899ರ ಪ್ರಬಂಧದ ವಾದ ಮಾತ್ರ, ಬರೆದವನ ಹೆಸರೂ ತಿಳಿಯದವರ ಬಾಯಲ್ಲಿ ಇಂದಿಗೂ ಓಡಾಡುತ್ತಿದೆ.