ಡಿಪ್ಲೊಮಾದಿಂದ ಸೀದಾ ಎರಡನೇ ವರ್ಷಕ್ಕೆ

ವೈದ್ಯಕೀಯ ಕಾಲೇಜಿನಲ್ಲಿ ಎಂಬಿಬಿಎಸ್ ಓದಬೇಕಾದರೆ ದಾರಿ ಒಂದೇ: ಪಿಯುಸಿ, ನೀಟ್, ಆಮೇಲೆ ಮೊದಲ ವರ್ಷ. ಎಂಜಿನಿಯರಿಂಗಿಗೆ ಇನ್ನೊಂದು ದಾರಿ ಇದೆ. ಎಸ್ಸೆಸ್ಸೆಲ್ಸಿ ಮುಗಿಸಿ ಮೂರು ವರ್ಷ ಡಿಪ್ಲೊಮಾ ಓದಿದವರು ಡಿ-ಸಿಇಟಿ ಪ್ರವೇಶ ಪರೀಕ್ಷೆ ಬರೆದು ಸೀದಾ ಎರಡನೇ ವರ್ಷಕ್ಕೆ ಸೇರಬಹುದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಪಠ್ಯಕ್ರಮದಲ್ಲಿ ಬಿ.ಇ. ಪದವಿಗೆ 160 ಕ್ರೆಡಿಟ್. ಮೊದಲ ವರ್ಷದ 40 ಕ್ರೆಡಿಟ್ ಇವರಿಗೆ ಮಾಫಿ.

‘ಸೆಕೆಂಡ್ ಇಯರ್‌ಗೇ ಹೋಗ್ತಾನ್ರಿ, ಒಂದ್ ವರ್ಷ ಉಳೀತು’ ಎಂಬುದು ತಿಕೋಟಾ, ಬಬಲೇಶ್ವರದ ಕಡೆಯ ಪಾಲಕರ ಸಮಾಧಾನ. ಲೆಕ್ಕ ಹಾಕಿದರೆ ಒಂದು ದಿನವೂ ಉಳಿಯುವುದಿಲ್ಲ. ಪಿಯುಸಿ ಎರಡು, ಬಿ.ಇ. ನಾಲ್ಕು, ಒಟ್ಟು ಆರು ವರ್ಷ. ಡಿಪ್ಲೊಮಾ ಮೂರು, ಬಿ.ಇ. ಮೂರು, ಅದೂ ಆರೇ. ಈ ದಾರಿಯ ನಿಜವಾದ ಲಾಭ ನಡುವೆ ಸಿಗುವ ಪ್ರಮಾಣಪತ್ರ. ಮಳೆ ಕೈಕೊಟ್ಟು ಫೀ ಹೊಂದಿಸಲಾಗದ ವರ್ಷ ಬಂದರೂ ಹತ್ತೊಂಬತ್ತರ ಹುಡುಗ ಬರಿಗೈಲಿ ಮನೆಗೆ ಮರಳಬೇಕಿಲ್ಲ, ಡಿಪ್ಲೊಮಾ ಹಿಡಿದು ಕೆಲಸಕ್ಕೆ ಹೋಗಬಲ್ಲ. ಬಡ ಮನೆಗೆ ಇದು ದೊಡ್ಡ ಆಸರೆ.

ಹೀಗೆ ಮೊದಲೇ ಗಳಿಸಿದ ಕ್ರೆಡಿಟ್ ಮುಂದೆ ಕೈಹಿಡಿಯುತ್ತದೆಯೇ? ಅಮೆರಿಕದಲ್ಲಿ ಹೈಸ್ಕೂಲಿನಲ್ಲೇ ಕಾಲೇಜಿನ ಪಾಠ ಓದಿದವರು ಪದವಿ ಮುಗಿಸುವುದು ಹೆಚ್ಚು ಎನ್ನುತ್ತಾರೆ. ಅಂಥ ತರಗತಿಗೆ ಸೇರುವವರು ಮೊದಲಿನಿಂದಲೂ ಚುರುಕು ಮಕ್ಕಳೇ ಅಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಚೀಟಿ ಎತ್ತಿ ಮಕ್ಕಳನ್ನು ಸೇರಿಸಿಕೊಂಡ ಶಾಲೆಗಳನ್ನು ಪರಿಶೀಲಿಸಿದಾಗಲೂ ಲಾಭ ಕಂಡಿತು. ಅಲ್ಲಿ ಮಕ್ಕಳಿಗೆ ಕ್ರೆಡಿಟ್ ಜೊತೆಗೆ ಮಾರ್ಗದರ್ಶನ, ಪಾಠದ ಆಸರೆ ಎರಡೂ ಇದ್ದವು ಎಂಬುದನ್ನು ಮರೆಯಬಾರದು.

ನಮ್ಮಲ್ಲಿ ಕೊರತೆ ಇರುವುದು ಆ ಆಸರೆಯದ್ದೇ. ಮೂರನೇ ಸೆಮಿಸ್ಟರಿನ ಸರ್ವೆ ಲ್ಯಾಬಿಗೆ ಹೋಗಿ ನೋಡಿ. ಪಿಯುಸಿಯಿಂದ ಬಂದವರು ಥಿಯೊಡೊಲೈಟಿನ ಗುಳ್ಳೆ ನಡುವೆ ತರಲು ತಿರುಪು ತಿರುವುತ್ತಿರುವಾಗಲೇ ಡಿಪ್ಲೊಮಾ ಹುಡುಗಿ ರೀಡಿಂಗ್ ಬರೆದುಕೊಂಡು ಮುಗಿಸಿರುತ್ತಾಳೆ. ಮುಂದಿನ ಪೀರಿಯಡ್ ಗಣಿತ. ಬೋರ್ಡಿನ ಮೇಲೆ ಅನುಕಲನದ ಲೆಕ್ಕ ಬರುತ್ತಿದ್ದಂತೆ ಅದೇ ಹುಡುಗಿಯ ಪೆನ್ನು ನಿಲ್ಲುತ್ತದೆ. ಡಿಪ್ಲೊಮಾದಲ್ಲಿ ಗಣಿತ ಬಹುಮಟ್ಟಿಗೆ ಮೊದಲ ವರ್ಷಕ್ಕೇ ಮುಗಿದಿರುತ್ತದೆ. ಅನುಕಲನ ಬಿಟ್ಟು ಎರಡು ವರ್ಷವಾಗಿರುತ್ತದೆ.

ವಿಟಿಯುಗೆ ಇದು ತಿಳಿಯದ್ದಲ್ಲ. 2018ರ ಪಠ್ಯಕ್ರಮದಲ್ಲಿ ಡಿಪ್ಲೊಮಾದಿಂದ ಬಂದವರಿಗೆಂದೇ ಮೂರನೇ, ನಾಲ್ಕನೇ ಸೆಮಿಸ್ಟರಿಗೆ ಹೆಚ್ಚುವರಿ ಗಣಿತ ಇಟ್ಟಿತು. ಅದಕ್ಕೆ ಕ್ರೆಡಿಟ್ ಇರಲಿಲ್ಲ, ಪಾಸಾಗುವುದು ಮಾತ್ರ ಕಡ್ಡಾಯವಾಗಿತ್ತು. ಉದ್ದೇಶ ಒಳ್ಳೆಯದು, ಹೊತ್ತು ತಪ್ಪಿದ್ದು. ಬುನಾದಿಯ ಗಣಿತವನ್ನೂ ಅದರ ಮೇಲಿನ ಗಣಿತವನ್ನೂ ಒಂದೇ ಸೆಮಿಸ್ಟರಿನಲ್ಲಿ ಕಲಿಯಿರಿ ಎಂದರೆ, ಅಡಿಪಾಯ ಅಗೆಯುತ್ತಲೇ ಛತ್ತು ಹಾಕಿ ಎಂದಂತೆ.

ಸೀದಾ ಎರಡನೇ ವರ್ಷಕ್ಕೆ ಸೇರಿಸಿಕೊಳ್ಳುವ ಪದ್ಧತಿ ಉಳಿಯಬೇಕು ಎಂಬುದೇ ನನ್ನ ನಿಲುವು. ಹಳ್ಳಿಯ ಮಕ್ಕಳಿಗೆ ಎಂಜಿನಿಯರ್ ಆಗಲು ಇದಕ್ಕಿಂತ ಭದ್ರವಾದ ದಾರಿ ನಮ್ಮಲ್ಲಿಲ್ಲ. ಆದರೆ ಮಾಫಿ ಮಾಡಿದ ವರ್ಷದ ಗಣಿತವನ್ನು ಯಾರಾದರೂ ಕಲಿಸಲೇಬೇಕು. ಅದನ್ನು ಪಾಲಿಟೆಕ್ನಿಕ್ಕಿನ ಕೊನೆಯ ವರ್ಷದಲ್ಲೇ, ಬಿ.ಇ. ಸೇರಬಯಸುವವರಿಗೆ, ಕ್ರೆಡಿಟ್ ಕೊಟ್ಟು ಕಲಿಸಲಿ.